ಇಪ್ಪತ್ತು ಡಾಲರ್ ನೋಟಿನ ಪಾದ್ರಿ ಮತ್ತು ನಮ್ಮ ಎಳನೀರಿನ ದಾರಿ

ಕಳೆದ ವರ್ಷದ ಕೊನೆಗೆ ನನ್ನ ದೊಡ್ಡಮ್ಮನ ಮಗ ಅಡಿಲೇಡಿನಿಂದ ಬೆಳ್ತಂಗಡಿಗೆ ಬಂದಿದ್ದ. ವಾಪಸ್ ಹೊರಡುವ ಹಿಂದಿನ ದಿನ ನನ್ನ ಮಗಳ ಕೈಗೆ ಒಂದು ಇಪ್ಪತ್ತು ಡಾಲರ್ ನೋಟು ಇಟ್ಟ. ಅದರಲ್ಲಿ ಕನ್ನಡಕ ಹಾಕಿದ ಒಬ್ಬ ಮನುಷ್ಯ, ಪಕ್ಕದಲ್ಲೊಂದು ಹಳೇ ಕಾಲದ ವಿಮಾನ, ಒಂದು ಒಂಟೆ. ಮಗಳಿಗೆ ಒಂಟೆ ಹಿಡಿಸಿತು, ನನಗೆ ಆ ಮನುಷ್ಯ ಯಾರು ಅಂತ ಕುತೂಹಲ.

ಅಣ್ಣ ವಿವರಿಸಿದ. ಅವರ ಹೆಸರು ಜಾನ್ ಫ್ಲಿನ್, ಕ್ರೈಸ್ತ ಪಾದ್ರಿ. ಆಸ್ಟ್ರೇಲಿಯಾದ ಒಳನಾಡಿಗೆ ವಿಮಾನದಲ್ಲಿ ಡಾಕ್ಟರನ್ನು ಕಳಿಸುವ ವ್ಯವಸ್ಥೆ ಕಟ್ಟಿದವರು. ಆ ಸೇವೆ ಈಗಲೂ ನಡೀತಾ ಉಂಟು. ಅಣ್ಣ ಪ್ರತಿ ತಿಂಗಳೂ ಅದಕ್ಕೆ ಇಷ್ಟು ಅಂತ ದುಡ್ಡು ಕೊಡುತ್ತಾನಂತೆ. ಆಮೇಲೆ ಒಂದು ಪ್ರಶ್ನೆ ಕೇಳಿದ. ಅಲ್ಲಿಯವರಿಗೆ ಕೊಡುವ ಹಾಗೆ ನಮ್ಮೂರ ಕಡೆಗೂ ಕೊಡಬೇಕು ಅನ್ನಿಸುತ್ತದೆ, ಎಳನೀರಿನವರಿಗೆ, ಕುದುರೆಮುಖದ ಬುಡದ ಮಲೆಕುಡಿಯರ ಮನೆಗಳಿಗೆ ಏನಾದರೂ ಆಗುವ ಹಾಗೆ. ಯಾರಿಗೆ ಕಳಿಸಲಿ, ಹೇಗೆ ಕಳಿಸಲಿ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಎರಡು ತಿಂಗಳು ಬಿಡುವಾದಾಗಲೆಲ್ಲ ಆ ನೋಟಿನ ಮನುಷ್ಯನ ಬಗ್ಗೆ ಓದಿದೆ. ಇದು ಅವರ ಕತೆ. ಜೊತೆಗೆ ಅಣ್ಣನ ಪ್ರಶ್ನೆಗೆ ನನಗೆ ಸಿಕ್ಕ ಅರ್ಧಂಬರ್ಧ ಉತ್ತರ.

ಬೇರೆಯವರ ದುಡ್ಡಿನಿಂದ ಶುರು

ಜಾನ್ ಫ್ಲಿನ್ ಹುಟ್ಟಿದ್ದು 1880ರ ನವೆಂಬರ್ 25ರಂದು, ವಿಕ್ಟೋರಿಯಾ ಪ್ರಾಂತ್ಯದ ಮೊಲಿಯಾಗಲ್ ಎಂಬ ಚಿನ್ನದ ಗಣಿಯ ಊರಲ್ಲಿ. ತಂದೆ ಶಾಲಾ ಮೇಷ್ಟ್ರು. ಮಗು ಇನ್ನೂ ಸರಿಯಾಗಿ ಮಾತು ಕಲಿಯುವ ಮೊದಲೇ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ದೊಡ್ಡವರಾದ ಮೇಲೆ ಹೆರಿಗೆಗೆ ದಾದಿ ಸಿಗದ ಹೆಂಗಸರ ಚಿಂತೆಯನ್ನೇ ಅವರು ಮೊದಲು ಹಚ್ಚಿಕೊಂಡರು. ಎರಡಕ್ಕೂ ಸಂಬಂಧ ಉಂಟು ಅಂತ ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ, ಆದರೆ ಓದುವಾಗ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಆಗಲಿಲ್ಲ.

ಕಾಲೇಜಿಗೆ ಹೋಗುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಹುಡುಗ ಮೊದಲು ಶಾಲೆಯಲ್ಲಿ ಪಾಠ ಹೇಳಿದ. ಫೋಟೋ ತೆಗೆಯುವುದು, ಪ್ರಥಮ ಚಿಕಿತ್ಸೆ ಕಲಿತ. 1903ರಿಂದ ಚರ್ಚಿನ ಹಳ್ಳಿ ಕೆಲಸ ಮಾಡುತ್ತಾ ಓದು ಮುಂದುವರಿಸಿ, ಮೆಲ್ಬರ್ನಿನಲ್ಲಿ ಪಾದ್ರಿ ಶಿಕ್ಷಣ ಮುಗಿಸಿದ. 1910ರಲ್ಲಿ, ಇನ್ನೂ ದೀಕ್ಷೆ ಆಗುವ ಮೊದಲೇ, ಕಾಡುಮೇಡಿನಲ್ಲಿ ದುಡಿಯುವವರಿಗೆಂದು ಒಂದು ಸಣ್ಣ ಪುಸ್ತಕ ಮಾಡಿದರು. ಗಾಯಕ್ಕೆ ಏನು ಮಾಡಬೇಕು, ಉಯಿಲು ಹೇಗೆ ಬರೆಯಬೇಕು, ಪಾದ್ರಿ ಇಲ್ಲದ ಜಾಗದಲ್ಲಿ ಸತ್ತವರನ್ನು ಮಣ್ಣು ಮಾಡುವಾಗ ಏನು ಓದಬೇಕು, ಎಲ್ಲ ಅದರಲ್ಲಿತ್ತು. ಉಪದೇಶಕ್ಕಿಂತ ಉಪಯೋಗದ ಮಾತು ಜಾಸ್ತಿ. ಫ್ಲಿನ್ ಕೊನೆಯವರೆಗೂ ಹಾಗೆಯೇ ಇದ್ದರು.

1911ರಲ್ಲಿ ದೀಕ್ಷೆಯಾದ ಕೂಡಲೇ ತಾವಾಗಿಯೇ ಕೇಳಿಕೊಂಡು ಅಡಿಲೇಡಿನಿಂದ ಸುಮಾರು 500 ಕಿಲೋಮೀಟರ್ ಉತ್ತರದ ಬೆಲ್ಟಾನಾ ಎಂಬ ಒಣ ಊರಿಗೆ ಹೋದರು. ಅಲ್ಲಿದ್ದ ಮಿಷನ್ನಿನ ಹೆಸರು ಸ್ಮಿತ್ ಆಫ್ ಡನೆಸ್ಕ್. ನನ್ನ ಅಣ್ಣನ ಪ್ರಶ್ನೆಗೆ ಮೊದಲ ಕೊಂಡಿ ಸಿಕ್ಕಿದ್ದು ಇಲ್ಲಿ.

ಡನೆಸ್ಕ್ ಇರುವುದು ಆಸ್ಟ್ರೇಲಿಯಾದಲ್ಲಲ್ಲ, ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಹೆನ್ರಿಯೆಟಾ ಸ್ಮಿತ್ ಎಂಬ ಹೆಂಗಸು, ಆಗಷ್ಟೇ ಹೊಸದಾಗಿ ಎದ್ದಿದ್ದ ದಕ್ಷಿಣ ಆಸ್ಟ್ರೇಲಿಯಾ ವಸಾಹತಿನಲ್ಲಿ ಜಮೀನು ಕೊಂಡು, ಅದರ ಗೇಣಿಯನ್ನು ತಮ್ಮ ಚರ್ಚಿನ ಮೂಲಕ ದಾನಕ್ಕೆ ಬಿಟ್ಟರು. ಉದ್ದೇಶ ಅಲ್ಲಿನ ಮೂಲನಿವಾಸಿಗಳ ಶಿಕ್ಷಣ ಮತ್ತು ಧರ್ಮಬೋಧನೆ. ಧರ್ಮಬೋಧನೆಯ ಆಸೆಯನ್ನು ನಾವು ಒಪ್ಪಬೇಕಿಲ್ಲ. ಆದರೆ ದುಡ್ಡು ಯಾರ ಹೆಸರಿಗೆ ಅನ್ನುವುದು ಸ್ಪಷ್ಟ ಇತ್ತು. ಆ ಹಣ ದಶಕಗಟ್ಟಲೆ ಸರಿಯಾಗಿ ಬಳಕೆಯಾಗಲಿಲ್ಲ. ಕೊನೆಗೆ 1894ರಲ್ಲಿ ಬೆಲ್ಟಾನಾದಲ್ಲಿ ಮಿಷನ್ ಶುರುವಾದಾಗ ಅದರ ಕೆಲಸ ನಡೆದದ್ದು ಮುಖ್ಯವಾಗಿ ಬಿಳಿಯರ ನಡುವೆ: ರೈಲ್ವೆ ಕೂಲಿಗಳು, ಕುರಿ-ದನದ ದೊಡ್ಡ ಎಸ್ಟೇಟುಗಳ ಜನ, ಗಣಿಯವರು. ಯಾರಿಗಾಗಿ ದುಡ್ಡು ಇಟ್ಟಿದ್ದರೋ ಅವರು ಹೊರಗೇ ಉಳಿದರು.

ಸಮುದ್ರದಾಚೆಯ ದಾನಕ್ಕೆ ಇರುವ ಹಳೇ ಕಾಯಿಲೆ ಇದು. ಕೊಟ್ಟವರು ದೂರ, ಪಡೆಯಬೇಕಾದವರಿಗೆ ದನಿ ಇಲ್ಲ, ನಡುವೆ ಇರುವವರು ಒಳ್ಳೆಯವರೇ ಆದರೂ ತಮಗೆ ಕಾಣುವ ಕಷ್ಟಕ್ಕೇ ಮೊದಲು ಖರ್ಚು ಮಾಡುತ್ತಾರೆ.

ಒಂದು ದಿನ ತಡ

1912ರಲ್ಲಿ ಫ್ಲಿನ್ ತಮ್ಮ ಚರ್ಚಿಗೆ ಒಳನಾಡಿನ ಬಗ್ಗೆ ವರದಿ ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯನ್ ಇನ್‌ಲ್ಯಾಂಡ್ ಮಿಷನ್ ಹುಟ್ಟಿತು, ಫ್ಲಿನ್ ಅದರ ಮುಖ್ಯಸ್ಥರಾದರು. ಮುಂದಿನ ವರ್ಷ ಇನ್‌ಲ್ಯಾಂಡರ್ ಎಂಬ ಪತ್ರಿಕೆ ತಂದರು. ಅದರಲ್ಲಿ ನಕ್ಷೆ, ಫೋಟೋ, ಒಂಟಿ ಸಮಾಧಿಗಳ ಚಿತ್ರ ಎಲ್ಲ ಹಾಕಿ ಪೇಟೆಯ ಜನರಿಂದ ಹಣ ಎತ್ತಿದರು. ಊಡ್ನಡಾಟಾ, ಹಾಲ್ಸ್ ಕ್ರೀಕ್, ಬರ್ಡ್ಸ್‌ವಿಲ್, ಆಲಿಸ್ ಸ್ಪ್ರಿಂಗ್ಸ್ ಹೀಗೆ ಒಂದೊಂದೇ ಕಡೆ ದಾದಿಯರ ಸಣ್ಣ ಆಸ್ಪತ್ರೆಗಳು ಎದ್ದವು. ಒಂಟೆ ಮೇಲೆ ತಿರುಗುವ ಪಾದ್ರಿಗಳು ಮನೆಯಿಂದ ಮನೆಗೆ ಹೋದರು. ನನ್ನ ಮಗಳು ನೋಟಿನಲ್ಲಿ ನೋಡಿದ ಒಂಟೆ ಆ ಕಾಲದ್ದು.

ಆದರೆ ದಾದಿಯ ಕೈಯಲ್ಲಿ ಆಗದ್ದು ಬಂದರೆ? 1917ರಲ್ಲಿ ಹಾಲ್ಸ್ ಕ್ರೀಕಿನಲ್ಲಿ ನಡೆದದ್ದನ್ನು ಫ್ಲಿನ್ ಮುಂದೆ ಎಲ್ಲ ಕಡೆ ಹೇಳಿದರು. ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ಪೆಟ್ಟು ಮಾಡಿಕೊಂಡ. ಗಾಡಿಯಲ್ಲಿ ಹಾಕಿ ಹಾಲ್ಸ್ ಕ್ರೀಕಿಗೆ ತಂದರೆ ಅಲ್ಲಿ ಡಾಕ್ಟರೇ ಇಲ್ಲ. ಪೋಸ್ಟ್ ಮಾಸ್ಟರ್ ಫ್ರೆಡ್ ಟಕೆಟ್ ಪ್ರಥಮ ಚಿಕಿತ್ಸೆ ಕಲಿತವರು. ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರದ ಪರ್ತ್‌ನಲ್ಲಿದ್ದ ಡಾಕ್ಟರ್ ಹಾಲೆಂಡ್ ಅವರನ್ನು ತಂತಿಯಲ್ಲಿ ಹಿಡಿದರು. ಡಾಕ್ಟರ್ ಮೋರ್ಸ್ ಸಂಕೇತದಲ್ಲಿ ಹೇಳುತ್ತಾ ಹೋದರು, ಪೋಸ್ಟ್ ಮಾಸ್ಟರ್ ಪೆನ್ನು ಚೂಪು ಮಾಡುವ ಚಾಕುವಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಡಾಕ್ಟರೇ ಹೊರಟರು. ದನ ಸಾಗಿಸುವ ಹಡಗು, ಫೋರ್ಡ್ ಕಾರು, ಕುದುರೆ ಗಾಡಿ, ಕೊನೆಗೆ ಕಾಲ್ನಡಿಗೆ. ತಲುಪುವ ಹಿಂದಿನ ದಿನ ರೋಗಿ ತೀರಿಕೊಂಡಿದ್ದ. ಆಪರೇಷನ್ ಸರಿಯಾಗಿಯೇ ಆಗಿತ್ತು, ಪ್ರಾಣ ತೆಗೆದದ್ದು ಮಲೇರಿಯಾ ಮತ್ತು ಒಳಗಿನ ಕೀವು.

ಇದನ್ನು ಓದುವಾಗ ನನಗೆ ನಮ್ಮ ತೋಟಕ್ಕೆ ಬರುತ್ತಿದ್ದ ಒಬ್ಬರ ನೆನಪಾಯಿತು. ನಾನು ಇಂಜಿನಿಯರಿಂಗ್ ಓದುತ್ತಿದ್ದ ಕಾಲ. ಆಟಿ ತಿಂಗಳ ಜಡಿ ಮಳೆಯಲ್ಲಿ ಅಡಿಕೆ ತೋಟದಲ್ಲಿ ಅವರ ಕಾಲಿಗೆ ಕನ್ನಡಿ ಹಾವು ಕಚ್ಚಿತು. ಪೇಟೆಯ ತಿರುವಿನಲ್ಲಿ ಒಂದು ಆಂಬುಲೆನ್ಸ್ ಯಾವಾಗಲೂ ನಿಂತಿರುತ್ತಿತ್ತು, ಅದರ ಮೈಮೇಲೆ ಗಲ್ಫಿನಲ್ಲಿರುವ ದಾನಿಗಳ ಹೆಸರು ದೊಡ್ಡದಾಗಿ ಬರೆದಿತ್ತು. ಓಡಿ ಹೋಗಿ ನೋಡಿದರೆ ಡ್ರೈವರ್ ಇಲ್ಲ. ಸಂಬಳ ಕೊಡುವವರಿಲ್ಲದೆ ಅವನು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತಂತೆ. ಜೀಪು ಹುಡುಕಿ, ಹೊಂಡ ದಾಟಿ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಮೂರು ಗಂಟೆ. ಅವರು ಬದುಕಿದರು, ಆದರೆ ಕಿಡ್ನಿ ಹಾಳಾಗಿ ಬಹಳ ದಿನ ಡಯಾಲಿಸಿಸ್‌ಗೆ ಅಲೆದರು. ವಾಹನ ದಾನ ಮಾಡಿದವರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ಕಣ್ಣಿಗೆ ಕಾಣುವ ವಸ್ತು ಕೊಟ್ಟರು. ಕಣ್ಣಿಗೆ ಕಾಣದ ಸಂಬಳಕ್ಕೆ ದಾನಿಗಳು ಸಿಗುವುದಿಲ್ಲ.

ಹತ್ತು ವರ್ಷ ಕಾದವರು

ವಿಮಾನದ ಐಡಿಯಾ ಫ್ಲಿನ್ ಅವರದ್ದಲ್ಲ. 1917ರ ನವೆಂಬರ್‌ನಲ್ಲಿ ಕ್ಲಿಫರ್ಡ್ ಪೀಲ್ ಎಂಬ ಹುಡುಗ ಅವರಿಗೆ ಕಾಗದ ಬರೆದ. ವೈದ್ಯಕೀಯ ಓದುತ್ತಿದ್ದವನು ಮೊದಲ ಮಹಾಯುದ್ಧಕ್ಕೆಂದು ವಾಯುದಳ ಸೇರಿದ್ದ. ಒಳನಾಡಿನ ಯಾವ ಯಾವ ಊರಿನಲ್ಲಿ ವಿಮಾನ ಇಟ್ಟರೆ ಎಷ್ಟು ಜಾಗ ಮುಟ್ಟಬಹುದು, ಎಷ್ಟು ಹೊತ್ತು ಬೇಕು, ಖರ್ಚೆಷ್ಟು, ಎಲ್ಲ ಲೆಕ್ಕ ಹಾಕಿ ಕಳಿಸಿದ್ದ. ಫ್ಲಿನ್ ಅದನ್ನು ತಮ್ಮ ಪತ್ರಿಕೆಯಲ್ಲಿ ಹಾಕಿದರು. 1918ರ ಸೆಪ್ಟೆಂಬರ್‌ನಲ್ಲಿ ಪೀಲ್ ಫ್ರಾನ್ಸಿನ ಆಕಾಶದಲ್ಲಿ ಸತ್ತ. ವಯಸ್ಸು 24. ತನ್ನ ಕಾಗದದಿಂದ ಏನಾಯಿತು ಎಂದು ಅವನಿಗೆ ಗೊತ್ತೇ ಆಗಲಿಲ್ಲ.

ಆ ಕಾಗದ ಬಂದು ಮೊದಲ ವಿಮಾನ ಹಾರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಂಜಿನಿಯರಿಂಗ್ ಓದಿದವನಾಗಿ ನನಗೆ ಫ್ಲಿನ್ ಮೇಲೆ ಗೌರವ ಬಂದದ್ದು ಈ ಹತ್ತು ವರ್ಷಗಳಿಗಾಗಿ. ವಿಮಾನ ಕೊಂಡು ಫೋಟೋ ತೆಗೆಸಿಕೊಳ್ಳುವುದು ಸುಲಭ. ಆದರೆ ಒಂಟಿ ಮನೆಯಲ್ಲಿ ಹೆರಿಗೆ ನೋವು ಶುರುವಾದರೆ ವಿಮಾನದವರಿಗೆ ಸುದ್ದಿ ಮುಟ್ಟಿಸುವವರು ಯಾರು? ಆ ಮನೆಗಳಲ್ಲಿ ಕರೆಂಟಿಲ್ಲ, ಫೋನಿಲ್ಲ, ತಂತಿ ಕಚೇರಿ ನೂರಾರು ಮೈಲಿ ದೂರ. ಸಂದೇಶ ಬರದಿದ್ದರೆ ವಿಮಾನ ಶೆಡ್ಡಿನಲ್ಲೇ ಇರುತ್ತದೆ, ನಮ್ಮೂರ ತಿರುವಿನ ಆಂಬುಲೆನ್ಸ್ ಹಾಗೆ.

ಆದ್ದರಿಂದ ಫ್ಲಿನ್ ರೇಡಿಯೋದ ಹಿಂದೆ ಬಿದ್ದರು. ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ ಎಂಬ ಇಂಜಿನಿಯರನ್ನು ಹಿಡಿದರು. 1926ರಲ್ಲಿ ಇಬ್ಬರೂ ಆಲಿಸ್ ಸ್ಪ್ರಿಂಗ್ಸ್ ಸುತ್ತ ಬ್ಯಾಟರಿಯಲ್ಲಿ ನಡೆಯುವ ಸೆಟ್ ಪರೀಕ್ಷಿಸಿದರು. ಕೆಲಸ ಮಾಡಿತು, ಆದರೆ ಭಾರ ಜಾಸ್ತಿ, ಮನೆಮನೆಗೆ ಕೊಡುವಂಥದ್ದಲ್ಲ. ಟ್ರೇಗರ್ ಹುಡುಕಿದ ದಾರಿ ಸರಳ: ಸೈಕಲ್ ಪೆಡಲಿಗೆ ಸಣ್ಣ ಜನರೇಟರ್ ಜೋಡಿಸಿದರು. ಕಾಲಲ್ಲಿ ತುಳಿದರೆ ವಿದ್ಯುತ್, ಕೈ ಎರಡೂ ಮೋರ್ಸ್ ಕೀಲಿಗೆ ಬಿಡುವು. ಬರುವ ವಿದ್ಯುತ್ ಸುಮಾರು 20 ವ್ಯಾಟ್, ಈಗ ನಮ್ಮ ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು. ಅಷ್ಟರಲ್ಲೇ ನೂರಾರು ಕಿಲೋಮೀಟರ್ ದೂರಕ್ಕೆ ಸಂದೇಶ ಹೋಯಿತು. 1929ರಿಂದ ಕ್ವೀನ್ಸ್‌ಲ್ಯಾಂಡಿನ ಒಂಟಿ ಮನೆಗಳಿಗೆ ಈ ಸೆಟ್ಟುಗಳು ಹೋದವು. ಮೋರ್ಸ್ ಕಲಿಯಲು ಕಷ್ಟ ಅಂತ ಗೊತ್ತಾದಾಗ ಟ್ರೇಗರ್ ಟೈಪ್‌ರೈಟರ್ ಥರದ ಕೀಲಿಮಣೆ ಮಾಡಿಕೊಟ್ಟರು, ಅಕ್ಷರ ಒತ್ತಿದರೆ ಮೋರ್ಸ್ ತಾನಾಗಿ ಹೋಗುತ್ತಿತ್ತು.

ಹಣದ ಕತೆಯೂ ಹಾಗೆಯೇ, ತುಂಡು ತುಂಡಾಗಿ ಸೇರಿತು. ಕೃಷಿ ಯಂತ್ರ ಮಾಡುತ್ತಿದ್ದ ಹ್ಯೂ ವಿಕ್ಟರ್ ಮೆಕೇ 1926ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ವಿಮಾನದ ಪ್ರಯೋಗಕ್ಕೆಂದು 2000 ಪೌಂಡ್ ಇಟ್ಟಿದ್ದರು. ಫ್ಲಿನ್ ವಿಮಾನ ಕೊಳ್ಳಲಿಲ್ಲ. ಆಗಿನ್ನೂ ಸಣ್ಣ ಕಂಪನಿಯಾಗಿದ್ದ ಕ್ವಾಂಟಸ್‌ನಿಂದ ಮೈಲಿಗೆ ಎರಡು ಶಿಲ್ಲಿಂಗ್ ಲೆಕ್ಕದಲ್ಲಿ ಬಾಡಿಗೆಗೆ ಪಡೆದರು, ಪೈಲಟ್ ಕೂಡ ಅವರದ್ದೇ. ರಿಪೇರಿ ತಲೆನೋವು ಗೊತ್ತಿದ್ದವರ ಕೈಯಲ್ಲಿ ರಿಪೇರಿ ಇರಲಿ ಎಂಬ ಲೆಕ್ಕಾಚಾರ.

1928ರ ಮೇ 15ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿಯಲ್ಲಿ ಸೇವೆ ಶುರುವಾಯಿತು. ಎರಡು ದಿನದ ನಂತರ ಮೊದಲ ಹಾರಾಟ. ಪೈಲಟ್ ಆರ್ಥರ್ ಆಫ್ಲೆಕ್, ಡಾಕ್ಟರ್ ಕೆನ್ಯನ್ ಸೇಂಟ್ ವಿನ್ಸೆಂಟ್ ವೆಲ್ಚ್. ವಿಮಾನದ ಹೆಸರು ವಿಕ್ಟರಿ, ನನ್ನ ಮಗಳ ನೋಟಿನಲ್ಲಿರುವುದು ಅದೇ ನಮೂನೆಯದ್ದು. ವಿಮಾನದಲ್ಲಿ ರೇಡಿಯೋ ಇಲ್ಲ. ದಿಕ್ಸೂಚಿ ನೋಡಿ, ಬೇಲಿ, ಹೊಳೆ, ತಂತಿಕಂಬದ ಸಾಲು ಹಿಡಿದು ಹಾರಿದರು. ಮೊದಲ ವರ್ಷ 50 ಹಾರಾಟ, 26 ಊರು, 225 ರೋಗಿಗಳು. ಒಂದು ವರ್ಷದ ಪ್ರಯೋಗ ಅಂತ ಶುರುವಾದದ್ದು ಇಲ್ಲಿಯವರೆಗೂ ನಿಂತಿಲ್ಲ.

ಕಟ್ಟಿದ್ದನ್ನು ಬಿಟ್ಟುಕೊಟ್ಟವರು

ಫ್ಲಿನ್ ಡಾಕ್ಟರಲ್ಲ, ಪೈಲಟ್ ಅಲ್ಲ, ಇಂಜಿನಿಯರೂ ಅಲ್ಲ. ಅವರು ಗೊತ್ತಿರುವವರನ್ನು ಹುಡುಕಿ ಒಂದೇ ಮೇಜಿಗೆ ತಂದು ಕೂರಿಸಿದರು. ಅವರು ಮಾಡಿದ ದೊಡ್ಡ ಕೆಲಸ ಯಾವುದು ಅಂತ ಕೇಳಿದರೆ ನಾನು ಮೊದಲ ಹಾರಾಟವನ್ನು ಹೇಳುವುದಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚರ್ಚಿನ ಹತ್ತಿರ ದುಡ್ಡಿಲ್ಲ, ಆದರೆ ಬೇಡಿಕೆ ದೇಶದ ತುಂಬಾ. ಆಗ ಫ್ಲಿನ್ ತಮ್ಮದೇ ಚರ್ಚನ್ನು ಒಪ್ಪಿಸಿ, ಸೇವೆಯನ್ನು ಯಾವ ಪಂಥಕ್ಕೂ ಸೇರದ ರಾಷ್ಟ್ರೀಯ ಸಂಸ್ಥೆಗೆ ಬಿಟ್ಟುಕೊಟ್ಟರು. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ವಿಭಾಗ, ಸರ್ಕಾರದ ಸಹಾಯ, ಜನರ ದೇಣಿಗೆ. 1942ರಲ್ಲಿ ಹೆಸರು ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಆಯಿತು, 1955ರಲ್ಲಿ ಮುಂದೆ ರಾಯಲ್ ಸೇರಿತು. ಫ್ಲಿನ್ ಅಷ್ಟು ದಿನ ಇರಲಿಲ್ಲ. 1951ರ ಮೇ 5ರಂದು ಸಿಡ್ನಿಯಲ್ಲಿ ತೀರಿಕೊಂಡರು.

ನಮ್ಮ ಕಡೆ ಒಂದು ಟ್ರಸ್ಟ್ ಕಟ್ಟಿದವರು ಅದನ್ನು ಬೇರೆಯವರ ಕೈಗೆ ಕೊಟ್ಟದ್ದು ಎಷ್ಟು ಸಲ ನೋಡಿದ್ದೇವೆ, ಯೋಚನೆ ಮಾಡಿ. ಹೆಸರು ಕಳಚಿದರೆ ಕೆಲಸ ಉಳಿಯುತ್ತದೆ ಅಂತಾದರೆ ಹೆಸರು ಕಳಚಲು ಎಷ್ಟು ಜನ ತಯಾರಿದ್ದಾರೆ?

ಇನ್ನೊಂದು ಸಣ್ಣ ವಿಷಯ ನನಗೆ ಬಹಳ ದೊಡ್ಡದಾಗಿ ಕಂಡಿತು. 1942ರಿಂದ ಒಂಟಿ ಮನೆಗಳಿಗೆ ಔಷಧಿ ಪೆಟ್ಟಿಗೆ ಕೊಡಲು ಶುರು ಮಾಡಿದರು. ಪ್ರತಿ ಔಷಧಿಗೂ ಒಂದು ನಂಬರ್. ಡಾಕ್ಟರ್ ರೇಡಿಯೋದಲ್ಲಿ ಇಂಥ ನಂಬರಿನ ಮಾತ್ರೆ ಇಷ್ಟು ಕೊಡಿ ಅಂದರೆ ಮುಗಿಯಿತು, ಔಷಧಿಯ ಹೆಸರು ಓದಲು ಬಾರದಿದ್ದರೂ ನಡೆಯುತ್ತದೆ. ವಿಮಾನ ಹಾರಬೇಕಾದ ಎಷ್ಟೋ ಸಂದರ್ಭಗಳು ಆ ಪೆಟ್ಟಿಗೆಯಿಂದಲೇ ಮುಗಿದವು.

ಸಮಾಧಿಯ ಬಂಡೆ

ಇಷ್ಟು ಹೇಳಿ ನಿಲ್ಲಿಸಿದರೆ ಸಂತರ ಚರಿತ್ರೆ ಆಗುತ್ತದೆ. ಫ್ಲಿನ್ ಹಾಗಿರಲಿಲ್ಲ. ಅವರ ಕಣ್ಣ ಮುಂದಿದ್ದದ್ದು ಹೆಚ್ಚಾಗಿ ಬಿಳಿಯ ಕುಟುಂಬಗಳು. ಒಳನಾಡಿನಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ್ದ ಮೂಲನಿವಾಸಿಗಳು ಅವರ ಯೋಜನೆಯ ಮಧ್ಯದಲ್ಲಿ ಇರಲಿಲ್ಲ. ಅವರದ್ದೇ ಚರ್ಚಿನ ಡಾಕ್ಟರ್ ಚಾರ್ಲ್ಸ್ ಡುಗಿಡ್ ಇದನ್ನು ಬಹಿರಂಗವಾಗಿ ಟೀಕಿಸಿದರು, ಮೂಲನಿವಾಸಿಗಳಿಗಾಗಿ 1937ರಲ್ಲಿ ಅರ್ನಬೆಲ್ಲಾದಲ್ಲಿ ಬೇರೆ ಮಿಷನ್ ಶುರುವಾಗಲು ಕಾರಣರಾದರು. ಫ್ಲಿನ್ ಪರವಾಗಿ ವಾದಿಸುವವರೂ ಇದ್ದಾರೆ, ವಿಮಾನ ಎಲ್ಲರಿಗಾಗಿಯೂ ಹಾರಿತು ಅನ್ನುತ್ತಾರೆ. ಇಂದು ಮಧ್ಯ ಆಸ್ಟ್ರೇಲಿಯಾದಲ್ಲಿ ಆ ವಿಮಾನ ಹತ್ತುವ ರೋಗಿಗಳಲ್ಲಿ ಹೆಚ್ಚಿನವರು ಮೂಲನಿವಾಸಿಗಳೇ. ಆದರೆ ಮೊದಲ ದಶಕಗಳ ಲೆಕ್ಕ ಅದರಿಂದ ತೀರುವುದಿಲ್ಲ. ಡನೆಸ್ಕಿನ ಹೆಂಗಸು ಇಟ್ಟ ದುಡ್ಡಿನ ಕತೆಯೇ ಇನ್ನೊಂದು ರೂಪದಲ್ಲಿ ಮುಂದುವರಿಯಿತು.

ಸತ್ತ ಮೇಲೂ ಅದು ಬಿಡಲಿಲ್ಲ. ಫ್ಲಿನ್ ಚಿತಾಭಸ್ಮವನ್ನು ಆಲಿಸ್ ಸ್ಪ್ರಿಂಗ್ಸ್ ಹತ್ತಿರ ಇಟ್ಟು, ಮೇಲೆ ಒಂದು ದೊಡ್ಡ ಗುಂಡು ಬಂಡೆ ಕೂರಿಸಿದರು. ಆ ಬಂಡೆ ತಂದದ್ದು ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದ ಕಾರ್ಲು ಕಾರ್ಲುವಿನಿಂದ. ಬಿಳಿಯರು ಅದನ್ನು ಡೆವಿಲ್ಸ್ ಮಾರ್ಬಲ್ಸ್ ಅನ್ನುತ್ತಿದ್ದರು. ಅಲ್ಲಿನ ಜನರಿಗೆ ಅದು ಪವಿತ್ರ ಜಾಗ, ಯಾರೂ ಅವರನ್ನು ಕೇಳಲಿಲ್ಲ. ನಮ್ಮಲ್ಲಿ ಯಾರೋ ಹೊರಗಿನವರು ಬಂದು, ಊರಿಗೆ ಉಪಕಾರ ಮಾಡಿದವರ ಸ್ಮಾರಕಕ್ಕೆಂದು, ನಾಗಬನದ ಕಲ್ಲನ್ನು ಲಾರಿಗೆ ಹೇರಿಕೊಂಡು ಹೋದರೆ ಹೇಗಿರುತ್ತದೆ ಅಂತ ಊಹಿಸಿ. ದಶಕಗಟ್ಟಲೆ ಮಾತುಕತೆ ನಡೆದು 1999ರಲ್ಲಿ ಆ ಬಂಡೆ ಸ್ವಸ್ಥಾನಕ್ಕೆ ಮರಳಿತು. ಅದರ ಬದಲಿಗೆ ಆಲಿಸ್ ಸ್ಪ್ರಿಂಗ್ಸಿನ ಅರ್ರೆರ್ನ್ಟೆ ಜನ ತಮ್ಮ ನೆಲದ ಒಂದು ಬಂಡೆ ಕೊಟ್ಟರು. ಕಿತ್ತುಕೊಂಡ ಕಲ್ಲು ಹೋಗಿ, ಕೊಟ್ಟ ಕಲ್ಲು ಬಂತು.

ಇನ್ನು ಎಳನೀರಿಗೆ ಬರೋಣ

ಹೊರಗಿನ ದುಡ್ಡು ನಮ್ಮ ಕರಾವಳಿಗೆ ಹೊಸದಲ್ಲ. ಜರ್ಮನಿಯ ಫಾದರ್ ಮುಲ್ಲರ್ ಮಂಗಳೂರಿಗೆ ಬಂದು 1880ರಲ್ಲಿ ಕಂಕನಾಡಿಯಲ್ಲಿ ಬಡವರ ಹೋಮಿಯೋಪಥಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ಶುರು ಮಾಡಿದರು. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯ ಹಳೇ ತಲೆಗಳಿಗೆ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಮಂಗಳೂರಿನ ಬಸ್ಸೇ. ನಗರಕ್ಕೆ ಆಸ್ಪತ್ರೆ ಬಂತು, ಆದರೆ ಗುಡ್ಡದ ಬುಡದಿಂದ ನಗರಕ್ಕಿರುವ ದೂರ ಕಮ್ಮಿಯಾಗಲಿಲ್ಲ.

ಎಳನೀರು ಬೆಳ್ತಂಗಡಿ ತಾಲೂಕಿನದ್ದೇ ಊರು, ಮಲವಂತಿಗೆ ಗ್ರಾಮ. ಕೆಳಗಿನ ದಿಡುಪೆಯಿಂದ ಕಾಡುದಾರಿಯಲ್ಲಿ ಕೆಲವೇ ಕಿಲೋಮೀಟರ್. ಆದರೆ ನಡುವೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸರಿಯಾದ ರಸ್ತೆಯ ವಿಷಯ ವರ್ಷಗಟ್ಟಲೆ ಅರ್ಜಿ, ಅನುಮತಿ, ಪ್ರತಿಭಟನೆಯಲ್ಲೇ ಸುತ್ತಿದೆ. ಮಳೆಗಾಲದಲ್ಲಿ ತಮ್ಮದೇ ತಾಲೂಕು ಕೇಂದ್ರಕ್ಕೆ ಬರಲು ಕುದುರೆಮುಖ, ಬಜಗೋಳಿ ಸುತ್ತಿ ನೂರರ ಆಸುಪಾಸು ಕಿಲೋಮೀಟರ್ ಬರಬೇಕು. ಇನ್ನು ಕಾಡಂಚಿನ ಮಲೆಕುಡಿಯರ ಮನೆಗಳಿಂದ ರೋಗಿಯನ್ನು ಬಟ್ಟೆಯ ಜೋಲಿ ಕಟ್ಟಿ ಹೊತ್ತು ತರುವ ಸುದ್ದಿ ಪ್ರತಿ ವರ್ಷ ಎನ್ನುವಷ್ಟು ಬರುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ರಸ್ತೆ ಇದ್ದವರಿಗೂ ರಸ್ತೆ ಇರಲಿಲ್ಲ.

ಹಾಗಂತ ಎಳನೀರಿಗೆ ಹೆಲಿಕಾಪ್ಟರ್ ಬೇಕು ಅಂತ ನಾನು ಹೇಳಲು ಹೊರಟಿಲ್ಲ. ಫ್ಲಿನ್ ಕತೆ ನನಗೆ ಕಲಿಸಿದ್ದು ಉಲ್ಟಾ. ಅವರು ವಿಮಾನಕ್ಕಿಂತ ಮೊದಲು ದಾದಿಯರನ್ನು ಇಟ್ಟರು. ವಿಮಾನದ ಜೊತೆಯಲ್ಲೇ ಸುದ್ದಿ ಮುಟ್ಟುವ ದಾರಿ ಮಾಡಿದರು, ನಂತರದವರು ಮನೆಯಲ್ಲಿ ಔಷಧಿ ಪೆಟ್ಟಿಗೆ ಇಟ್ಟರು. ನಮ್ಮಲ್ಲಿ 2008ರಿಂದ 108 ಆಂಬುಲೆನ್ಸ್ ಉಂಟು, ಆಶಾ ಕಾರ್ಯಕರ್ತೆಯರಿದ್ದಾರೆ, ಉಪಕೇಂದ್ರಗಳಿವೆ. ಆದರೆ ನೆಟ್‌ವರ್ಕ್ ಸಿಗದ ಮನೆಯಿಂದ 108ಕ್ಕೆ ಫೋನ್ ಹೇಗೆ ಮಾಡುವುದು? ಜೋಲಿ ಹೊರುವವರು ರಸ್ತೆಗೆ ಮುಟ್ಟುವಾಗ ವಾಹನ ಕಾಯುತ್ತಿರಬೇಕು ಅಂದರೆ ಯಾರು ಯಾರಿಗೆ ಹೇಳಬೇಕು? ಹಾವು ಕಚ್ಚಿದರೆ ಔಷಧಿ ಯಾವ ಆಸ್ಪತ್ರೆಯಲ್ಲಿ ಈಗ ಇದೆ ಅಂತ ಹೊರಡುವ ಮೊದಲೇ ಗೊತ್ತಾಗಬೇಡವೇ? ನಮಗೆ ಬೇಕಿರುವ ಪೆಡಲ್ ರೇಡಿಯೋ ಇದು.

ಇನ್ನು ಅಣ್ಣನ ದುಡ್ಡು. ಇಲ್ಲಿ ಕಾನೂನು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಗಲ್ಫ್, ಆಸ್ಟ್ರೇಲಿಯಾ, ಅಮೆರಿಕದಲ್ಲಿರುವ ನಮ್ಮವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ವಿದೇಶದಲ್ಲಿ ದುಡಿದ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಅಣ್ಣ ಈಗ ಆಸ್ಟ್ರೇಲಿಯಾದ ಪ್ರಜೆ, ಒಸಿಐ ಕಾರ್ಡ್ ಇದ್ದರೂ ಕಾನೂನಿನ ಕಣ್ಣಲ್ಲಿ ಅವನ ಹಣ ವಿದೇಶಿ ದೇಣಿಗೆ. ಅದನ್ನು ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚು 20 ಶೇಕಡಾ ಮೀರುವಂತಿಲ್ಲ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಳ್ಳಿಯ ಯುವಕ ಮಂಡಲಕ್ಕೆ ಇದು ಎಟುಕುವ ಮಾತಲ್ಲ.

ದುರುಪಯೋಗ ತಡೆಯಲು ನಿಯಮ ಬೇಕು, ಒಪ್ಪುತ್ತೇನೆ. ಆದರೆ ಪರಿಣಾಮ ಏನು ನೋಡಿ. ದೂರದ ದುಡ್ಡು ಈಗಾಗಲೇ ದೊಡ್ಡದಾಗಿರುವ ಸಂಸ್ಥೆಗೇ ಹೋಗುತ್ತದೆ, ದೊಡ್ಡ ಸಂಸ್ಥೆ ನಗರದಲ್ಲಿರುತ್ತದೆ. ಎಳನೀರಿನ ಪಾಲು ಕೊನೆಗೆ ಉಳಿಯುತ್ತದೆ. ಸ್ಕಾಟ್ಲೆಂಡಿನಿಂದ ಹೊರಟ ದುಡ್ಡು ಮೂಲನಿವಾಸಿಗಳವರೆಗೆ ಮುಟ್ಟದ ಹಾಗೆಯೇ. ಅಲ್ಲಿ ಕಾನೂನೇ ಇರಲಿಲ್ಲ, ಇಲ್ಲಿ ಕಾನೂನು ಗಟ್ಟಿ ಉಂಟು. ತಪ್ಪಿಹೋಗುವ ಮನೆಗಳು ಮಾತ್ರ ಒಂದೇ ಥರದವು.

ಅಣ್ಣನಿಗೆ ಕಳೆದ ವಾರ ಫೋನ್ ಮಾಡಿ ಮೂರು ಮಾತು ಹೇಳಿದೆ. ಒಂದು, ಕೊಡುವುದಾದರೆ ನೋಂದಣಿ ಇರುವ ಆಸ್ಪತ್ರೆಗೇ ಕೊಡು, ಆದರೆ ಬೆಳ್ತಂಗಡಿಯ ಕಾಡಂಚಿನ ಮನೆಗಳ ಕೆಲಸಕ್ಕೆ ಅಂತ ಬರಹದಲ್ಲಿ ಹೇಳಿ ಕೊಡು, ವರ್ಷಕ್ಕೊಮ್ಮೆ ಲೆಕ್ಕ ಕೇಳು. ಎರಡು, ಹೊಸ ವಾಹನ ಕೊಡಿಸಬೇಡ. ಇರುವ ವಾಹನದ ಡ್ರೈವರಿಗೆ ಮಳೆಗಾಲದ ನಾಲ್ಕು ತಿಂಗಳ ಸಂಬಳ ಕೊಡು. ಮೂರು, ಏನು ಬೇಕು ಅಂತ ನಾನು, ನೀನು ತೀರ್ಮಾನ ಮಾಡುವುದು ಬೇಡ, ಎಳನೀರಿನವರನ್ನೇ ಕೇಳೋಣ.

ಮೂರನೆಯದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಾದ. ಡ್ರೈವರ್ ಸಂಬಳ ಅಂದರೆ ಫೋಟೋ ತೆಗೆಯಲು ಏನೂ ಇರುವುದಿಲ್ಲ ಅಲ್ವಾ ಅಂತ ನಕ್ಕ. ಇಲ್ಲ ಅಂದೆ. ಪರವಾಗಿಲ್ಲ ಅಂದ. ಮೇ ತಿಂಗಳಲ್ಲಿ, ಮಳೆಗೆ ಮೊದಲು, ನಾನು ದಿಡುಪೆಯಿಂದ ಮೇಲೆ ನಡೆದುಕೊಂಡು ಹೋಗುವುದು ಅಂತ ನಿಶ್ಚಯ ಆಗಿದೆ, ಅವರನ್ನು ಕೇಳಲು.